ಹೆತ್ತವರ ಹೊಸ ದೇಶ, ಮಗುವಿನ ಪೌರತ್ವ

ಬೇರೆ ದೇಶದಲ್ಲಿ ಹುಟ್ಟಿದ ಮಗುವಿಗೆ, ತಂದೆ ಅಥವಾ ತಾಯಿ ತಮ್ಮದಾಗಿಸಿಕೊಂಡ ದೇಶದ ಪೌರತ್ವ ಹೇಗೆ ದೊರೆಯುತ್ತದೆಂಬುದನ್ನು ಆಯಾ ದೇಶದ ಕಾನೂನು ನಿರ್ಧರಿಸುತ್ತದೆ. ಅಮೆರಿಕದಲ್ಲಿ 2001ರ ಫೆಬ್ರವರಿ 27ರಂದು ಜಾರಿಗೆ ಬಂದ ಮಕ್ಕಳ ಪೌರತ್ವ ಕಾಯ್ದೆಯ ಪ್ರಕಾರ, ಹೆತ್ತವರಲ್ಲಿ ಒಬ್ಬರಾದರೂ ಅಲ್ಲಿನ ಪೌರರಾಗಿದ್ದು, ಮಗು ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಅನುಮತಿ, ಪಡೆದು ಆ ಪೋಷಕರ ಕಾನೂನುಬದ್ಧ ಪಾಲನೆಯಲ್ಲಿ ಅವರೊಡನೆ ಅಲ್ಲಿಯೇ ವಾಸಿಸುತ್ತಿದ್ದರೆ, ಈ ಷರತ್ತುಗಳೆಲ್ಲವೂ 18 ವರ್ಷ ತುಂಬುವ ಮೊದಲು ಕೂಡಿಬಂದ ಕ್ಷಣದಲ್ಲಿಯೇ, ಅರ್ಜಿಯ ಅಗತ್ಯವಿಲ್ಲದೆ, ಪೌರತ್ವ ಸಿದ್ಧಿಸುತ್ತದೆ. ಆದರೆ ಸಿದ್ಧಿಸಿದ ಹಕ್ಕಿಗೆ ದಾಖಲೆಯ ಬೆಂಬಲ ಬೇಕಾಗುವುದರಿಂದ, ಪಾಸ್‌ಪೋರ್ಟನ್ನಾಗಲಿ, ಎನ್-600 ಎಂಬ ಅರ್ಜಿಯ ಮೂಲಕ ಪೌರತ್ವ ಪ್ರಮಾಣಪತ್ರವನ್ನಾಗಲಿ ಪಡೆದಿರಿಸಿಕೊಳ್ಳುವುದು ಲೇಸು. ಮಗು ಅಮೆರಿಕದ ಹೊರಗೆ ವಾಸಿಸುತ್ತಿದ್ದರೆ ಮಾರ್ಗ ಬೇರೆಯಾಗಿದ್ದು, ಎನ್-600ಕೆ ಅರ್ಜಿ ಸಲ್ಲಿಸಿ, 18 ತುಂಬುವುದರೊಳಗೆ ಇಡೀ ಪ್ರಕ್ರಿಯೆಯನ್ನು ಪೂರೈಸಬೇಕು.

ಬೆಂಗಳೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆಯುವ ಮಕ್ಕಳ ಮಟ್ಟಿಗೆ ಇನ್ನೊಂದು ಸಂಗತಿಯೂ ಮುಖ್ಯವಾಗಿದೆ. ಭಾರತ ಇಬ್ಬಗೆಯ ಪೌರತ್ವವನ್ನು ಒಪ್ಪದಿರುವುದರಿಂದ, ಅಮೆರಿಕದ ಪೌರತ್ವ ದೊರೆತ ಮೇಲೆ ಭಾರತೀಯ ಪಾಸ್‌ಪೋರ್ಟನ್ನು ಒಪ್ಪಿಸಬೇಕಾಗುತ್ತದೆ. ಒಸಿಐ ಕಾರ್ಡ್, ಅಂದರೆ ಸಾಗರೋತ್ತರ ಭಾರತೀಯರೆಂಬ ನೋಂದಣಿಯ ಪತ್ರ, ಜೀವನಪರ್ಯಂತ ಬಂದುಹೋಗುವ ಅನುಕೂಲ ನೀಡಿದರೂ ಮತದಾನದ ಹಕ್ಕನ್ನು ಕೊಡುವುದಿಲ್ಲ. ಆದ್ದರಿಂದ ಜನನ ಪ್ರಮಾಣಪತ್ರದಿಂದ ಮೊದಲ್ಗೊಂಡು ಎಲ್ಲ ದಾಖಲೆಗಳನ್ನೂ ಸಕಾಲದಲ್ಲಿ ಜೋಡಿಸಿಡುವುದು ಹೆತ್ತವರು ಮಗುವಿನ ನಾಳೆಗಾಗಿ ಹೊರಬೇಕಾದ ಹೊಣೆ.