ಪಾವಗಡದ ಸೋಲಾರ್ ಫಲಕ, ಅಮೆರಿಕದ ತಕರಾರು

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು. ಈ ಐದು ಊರುಗಳ ಸುಮಾರು 13,000 ಎಕರೆ ನೆಲದಲ್ಲಿ ಈಗ ಸೋಲಾರ್ ಫಲಕಗಳಿವೆ. ಮಳೆ ನಂಬಿ ಕಡಲೆಕಾಯಿ ಬಿತ್ತುತ್ತಿದ್ದ ಸೀಮೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಪಾರ್ಕ್ ಎದ್ದಿದೆ. ಅದೇ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆಗಳಲ್ಲೂ ಮನೆಯ ತಾರಸಿಗೆ ಫಲಕ ಹಾಕಿಸುವವರು, ಕೊಳವೆಬಾವಿಗೆ ಸೋಲಾರ್ ಪಂಪು ಕೂರಿಸುವವರು ಇದ್ದಾರೆ. ಸಬ್ಸಿಡಿ ಯೋಜನೆಯಲ್ಲಿ ಅವರು ತರಿಸುವ ಕೊಟೇಶನ್ನಿನಲ್ಲಿ ಫಲಕದ ವಿವರದ ಪಕ್ಕ ‘ಡಿಸಿಆರ್’ ಎಂಬ ಮೂರು ಅಕ್ಷರ ಇರುತ್ತದೆ. ಫಲಕವೂ ಅದರೊಳಗಿನ ಸೆಲ್ಲೂ ಭಾರತದಲ್ಲೇ ತಯಾರಾಗಿರಬೇಕು ಎಂಬ ಷರತ್ತು ಅದು. ಇದೇ ಷರತ್ತಿಗಾಗಿ ಅಮೆರಿಕ ಮತ್ತು ಭಾರತ ಹತ್ತು ವರ್ಷ ಜಗಳವಾಡಿವೆ. ದೊಡ್ಡ ದೇಶಗಳ ವ್ಯಾಪಾರ ರಾಜತಂತ್ರ ಹೇಗೆ ನಡೆಯುತ್ತದೆ, ಅದು ನಮ್ಮ ಹೊಲಕ್ಕೆ, ಕರೆಂಟ್ ಬಿಲ್ಲಿಗೆ ಯಾವ ದಾರಿಯಲ್ಲಿ ಬಂದು ಮುಟ್ಟುತ್ತದೆ ಎಂದು ತಿಳಿಯಲು ಈ ಜಗಳಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಜಗಳ ಶುರುವಾದದ್ದು ಹೀಗೆ

2010ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜವಾಹರಲಾಲ್ ನೆಹರೂ ರಾಷ್ಟ್ರೀಯ ಸೌರ ಮಿಷನ್ ಆರಂಭಿಸಿತು. ಕಂಪನಿಗಳು ಸೌರ ವಿದ್ಯುತ್ ಉತ್ಪಾದಿಸಬೇಕು, ಸರ್ಕಾರಿ ಸಂಸ್ಥೆಗಳು ಅದನ್ನು 25 ವರ್ಷ ನಿಗದಿತ ದರಕ್ಕೆ ಕೊಳ್ಳಬೇಕು ಎಂಬುದು ಏರ್ಪಾಡು. ಆಗ ಕೇಂದ್ರ ಇನ್ನೊಂದು ಮಾತು ಸೇರಿಸಿತು: ಈ ಯೋಜನೆಯ ಕೆಲವು ಭಾಗಗಳಲ್ಲಿ ಸ್ವದೇಶಿ ಸೆಲ್ ಮತ್ತು ಫಲಕಗಳನ್ನೇ ಬಳಸಬೇಕು. ವಿದ್ಯುತ್ತಿನ ಜೊತೆಗೆ ಕಾರ್ಖಾನೆಗಳೂ ಬೆಳೆಯಲಿ ಎಂಬುದು ಉದ್ದೇಶ.

ಮೊದಲ ಹಂತದಲ್ಲಿ ಈ ಷರತ್ತು ಸಿಲಿಕಾನ್ ಹರಳಿನ ಫಲಕಗಳಿಗೆ ಮಾತ್ರ ಅನ್ವಯವಾಗುತ್ತಿತ್ತು. ಗಾಜಿನ ಮೇಲೆ ತೆಳು ಪದರ ಬಳಿದು ಮಾಡುವ ‘ಥಿನ್ ಫಿಲ್ಮ್’ ಫಲಕಗಳಿಗೆ ವಿನಾಯಿತಿ ಇತ್ತು. ಅಂಥ ಫಲಕ ತಯಾರಿಸುವವರಲ್ಲಿ ಮುಂಚೂಣಿಯಲ್ಲಿದ್ದದ್ದು ಅಮೆರಿಕದ ಫಸ್ಟ್ ಸೋಲಾರ್ ಕಂಪನಿ. ಅಮೆರಿಕದ ಸರಕು ಕೊಳ್ಳುವ ಹೊರದೇಶದ ಗಿರಾಕಿಗಳಿಗೆ ಅಲ್ಲಿನ ಸರ್ಕಾರದ ಎಕ್ಸಿಮ್ ಬ್ಯಾಂಕ್ ಕಡಿಮೆ ಬಡ್ಡಿಯ, ದೀರ್ಘಾವಧಿಯ ಸಾಲ ಕೊಡುತ್ತಿತ್ತು. ಹೀಗಾಗಿ ಭಾರತದ ಹಲವು ಯೋಜನೆಗಳು ಅಮೆರಿಕದ ಫಲಕವನ್ನೇ ಆರಿಸಿಕೊಂಡವು. ಎರಡನೇ ಹಂತದಲ್ಲಿ ಭಾರತ ಆ ವಿನಾಯಿತಿಯನ್ನೂ ತೆಗೆಯಿತು. ಅಮೆರಿಕ 2013ರ ಫೆಬ್ರುವರಿಯಲ್ಲೇ ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತ್ತು; ಮರುವರ್ಷ ಎರಡನೇ ಹಂತದ ನಿಯಮವನ್ನೂ ದೂರಿಗೆ ಸೇರಿಸಿತು.

ಜಿನೀವಾದಲ್ಲಿ ನಡೆಯುವ ಕ್ರಮ

ಅಲ್ಲಿನ ವಿವಾದ ಕೋರ್ಟ್ ಕೇಸಿನ ಹಾಗೆ ಕಂಡರೂ ಅದರ ಹೆಜ್ಜೆಗಳು ಬೇರೆ. ದೂರು ಕೊಟ್ಟ ದೇಶ ಮೊದಲು ಎದುರಾಳಿಯೊಡನೆ ಮಾತುಕತೆಗೆ ಕೂರಬೇಕು; ಅದಕ್ಕೆ 60 ದಿನಗಳ ಅವಧಿ. ಬಗೆಹರಿಯದಿದ್ದರೆ ತಜ್ಞರ ಸಮಿತಿ ನೇಮಕವಾಗುತ್ತದೆ. ಅದರ ವರದಿ ಒಪ್ಪದವರು ಆಗ ಮೇಲ್ಮನವಿ ಮಂಡಳಿಗೆ ಹೋಗಬಹುದಿತ್ತು. ಅಂತಿಮ ತೀರ್ಪು ಬಂದ ಮೇಲೆ ಸೋತ ದೇಶಕ್ಕೆ ನಿಯಮ ತಿದ್ದಿಕೊಳ್ಳಲು ಗಡುವು ಸಿಗುತ್ತದೆ. ತಿದ್ದಿಕೊಳ್ಳದಿದ್ದರೆ ಜೈಲೂ ಇಲ್ಲ, ದಂಡವೂ ಇಲ್ಲ; ಸೋತ ದೇಶದ ಸರಕಿನ ಮೇಲೆ ಪ್ರತಿಸುಂಕ ಹೇರಲು ಗೆದ್ದ ದೇಶ ಅನುಮತಿ ಕೇಳಬಹುದು. ರೈತರು ಬೆಳೆದ ಬೆಳೆಯೋ ನೇಕಾರರ ಬಟ್ಟೆಯೋ, ಜಗಳಕ್ಕೆ ಸಂಬಂಧವೇ ಇಲ್ಲದ ಸರಕು ಆ ಪ್ರತಿಸುಂಕದ ಪಟ್ಟಿಯಲ್ಲಿ ಸೇರಬಹುದು.

ಈ ಪ್ರಕರಣದಲ್ಲಿ ಸಮಿತಿಯ ವರದಿ 2016ರ ಫೆಬ್ರುವರಿಯಲ್ಲಿ, ಮೇಲ್ಮನವಿ ಮಂಡಳಿಯ ತೀರ್ಪು ಅದೇ ವರ್ಷದ ಸೆಪ್ಟೆಂಬರ್ 16ರಂದು ಬಂತು. ಎರಡರಲ್ಲೂ ಭಾರತ ಸೋತಿತು.

ಭಾರತ ಸೋತದ್ದು ಎಲ್ಲಿ

ಸರ್ಕಾರ ತನ್ನ ಬಳಕೆಗೆ ಕೊಳ್ಳುವ ವಸ್ತುವಿನಲ್ಲಿ ಸ್ವದೇಶಿ ಸರಕಿಗೆ ಆದ್ಯತೆ ಕೊಟ್ಟರೆ ವಿಶ್ವ ವ್ಯಾಪಾರದ ಮೂಲ ಒಪ್ಪಂದದಲ್ಲಿ ಅದಕ್ಕೆ ವಿನಾಯಿತಿ ಉಂಟು. ಭಾರತ ಮುಖ್ಯವಾಗಿ ಇದನ್ನೇ ಆಧರಿಸಿ ವಾದ ಮಾಡಿತು. ತೀರ್ಪು ಹೇಳಿದ್ದು: ನೀವು ಕೊಳ್ಳುತ್ತಿರುವುದು ವಿದ್ಯುತ್ತು, ಷರತ್ತು ಹಾಕಿರುವುದು ಫಲಕಕ್ಕೆ, ಎರಡೂ ಬೇರೆ ಬೇರೆ ವಸ್ತು. ಗಾಣದ ಎಣ್ಣೆ ಕೊಳ್ಳುವವರು ಆ ಗಾಣವನ್ನು ಇದೇ ಊರಿನ ಬಡಗಿ ಮಾಡಿರಬೇಕು ಎಂದು ಪಟ್ಟು ಹಿಡಿದ ಹಾಗೆ ಇದು ಎಂಬುದು ಆ ತರ್ಕದ ತಿರುಳು.

ನಮ್ಮಲ್ಲಿ ಫಲಕಗಳ ಕೊರತೆ ಇದೆ, ಅದಕ್ಕಾಗಿ ಈ ನಿಯಮ ಬೇಕು ಎಂದೂ ಭಾರತ ವಾದಿಸಿತು. ಆಮದು ಮಾಡಿಕೊಳ್ಳಲು ದಾರಿ ಇರುವಾಗ ಅದನ್ನು ಕೊರತೆ ಎನ್ನಲಾಗದು ಎಂದು ಆ ವಾದವೂ ಬಿದ್ದುಹೋಯಿತು. ನಿಯಮ ಸರಿಪಡಿಸಲು ಭಾರತಕ್ಕೆ 2017ರ ಡಿಸೆಂಬರ್ 14ರ ಗಡುವು ಸಿಕ್ಕಿತು.

ಭಾರತವೂ ಸುಮ್ಮನಿರಲಿಲ್ಲ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಮಿನೆಸೋಟ ಸೇರಿ ಅಮೆರಿಕದ ಎಂಟು ರಾಜ್ಯಗಳಲ್ಲಿ ಇಂಥದೇ ಸ್ಥಳೀಯ ಸರಕಿನ ಷರತ್ತುಗಳಿವೆ ಎಂದು 2016ರ ಸೆಪ್ಟೆಂಬರಿನಲ್ಲಿ ಎದುರು ದೂರು ಕೊಟ್ಟಿತು. 2019ರ ಜೂನ್‌ನಲ್ಲಿ ಸಮಿತಿ ಭಾರತದ ಪರ ವರದಿ ನೀಡಿತು. ಅಮೆರಿಕ ಮೇಲ್ಮನವಿ ಸಲ್ಲಿಸಿತು. ಮಂಡಳಿಯ ಖಾಲಿ ಸ್ಥಾನಗಳಿಗೆ ನೇಮಕವಾಗದಂತೆ ತಡೆಯುತ್ತ ಬಂದದ್ದೂ ಅಮೆರಿಕವೇ. ಅದೇ ವರ್ಷದ ಡಿಸೆಂಬರಿನಲ್ಲಿ ಮಂಡಳಿಯ ಕೆಲಸವೇ ನಿಂತಿತು. ಭಾರತದ ಗೆಲುವು ಕಡತದಲ್ಲಿ ಉಳಿಯಿತು.

ಕೊನೆಗೆ ದಾರಿ ತೆರೆದದ್ದು ರಾಜತಂತ್ರ. 2023ರ ಜೂನ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರ ಅಮೆರಿಕ ಭೇಟಿಯ ಸಂದರ್ಭದಲ್ಲಿ ಎರಡೂ ದೇಶಗಳು ಆರು ವಿವಾದಗಳನ್ನು ಒಟ್ಟಿಗೆ ಮುಗಿಸಿಕೊಂಡವು. ಎರಡೂ ಸೋಲಾರ್ ಕೇಸುಗಳು ಅದರಲ್ಲಿ ಸೇರಿದ್ದವು. ಅಮೆರಿಕದ ಸೇಬು, ಬಾದಾಮಿ, ಅಕ್ರೋಟುಗಳ ಮೇಲೆ ಬೇರೊಂದು ಜಗಳದಲ್ಲಿ ಭಾರತ ಹೇರಿದ್ದ ಪ್ರತಿಸುಂಕವೂ ಅದೇ ಒಪ್ಪಂದದಲ್ಲಿ ರದ್ದಾಯಿತು. ಫಲಕದ ಜಗಳ ಸೇಬಿನ ಜೊತೆ ಬಗೆಹರಿಯಿತು. ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯುವುದು ವ್ಯಾಪಾರ ಮಾತುಕತೆಯ ರೀತಿ.

ಸೋತ ಮೇಲೆ ಹಿಡಿದ ದಾರಿ

ಕಂಪನಿಗಳಿಗೆ ‘ಇಂಥದೇ ಕೊಳ್ಳಿ’ ಎನ್ನುವುದು ತಪ್ಪಾಯಿತು. ಆದರೆ ಗಡಿಯಲ್ಲಿ ಸುಂಕ ಹಾಕುವುದಕ್ಕೆ ಅವಕಾಶ ಇತ್ತು. 2018ರ ಜುಲೈ 30ರಿಂದ ಚೀನಾ ಮತ್ತು ಮಲೇಷ್ಯಾದ ಸೆಲ್‌ಗಳ ಮೇಲೆ ಶೇ 25ರ ರಕ್ಷಣಾ ಸುಂಕ ಬಂತು. 2022ರ ಏಪ್ರಿಲ್‌ನಿಂದ ಫಲಕದ ಮೇಲೆ ಶೇ 40, ಸೆಲ್ ಮೇಲೆ ಶೇ 25ರ ಆಮದು ಸುಂಕ ಜಾರಿಯಾಯಿತು. ಸರ್ಕಾರಿ ಕಂಪನಿಗಳು ಸರ್ಕಾರದ ಬಳಕೆಗೇ ಉತ್ಪಾದಿಸುವ ವಿದ್ಯುತ್ತಿಗೆ 2019ರಲ್ಲಿ 12,000 ಮೆಗಾವ್ಯಾಟ್‌ನ ಪ್ರತ್ಯೇಕ ಯೋಜನೆ ಬಂತು. ಸ್ವದೇಶಿ ಷರತ್ತನ್ನು ಅಲ್ಲಿ ಉಳಿಸಿಕೊಂಡರು. ಸಬ್ಸಿಡಿ ಕೊಡುವ ಮನೆ ತಾರಸಿ ಮತ್ತು ಪಂಪಿನ ಯೋಜನೆಗಳಲ್ಲೂ ಷರತ್ತು ಉಳಿಯಿತು.

ಅಮೆರಿಕದ ನಡೆಯೂ ಬದಲಾಯಿತು. ಅಲ್ಲಿನ ಸರ್ಕಾರಿ ಹಣಕಾಸು ಸಂಸ್ಥೆ ಡಿಎಫ್‌ಸಿ, ಫಸ್ಟ್ ಸೋಲಾರ್ ಕಂಪನಿಗೆ ಭಾರತದಲ್ಲೇ ಕಾರ್ಖಾನೆ ಕಟ್ಟಲು 50 ಕೋಟಿ ಡಾಲರ್‌ವರೆಗಿನ ಸಾಲಕ್ಕೆ ಒಪ್ಪಿಗೆ ಕೊಟ್ಟಿತು. ಆ ಕಾರ್ಖಾನೆ 2024ರ ಜನವರಿಯಲ್ಲಿ ತಮಿಳುನಾಡಿನಲ್ಲಿ ಉದ್ಘಾಟನೆಯಾಯಿತು. ಇಬ್ಬರನ್ನೂ ಹತ್ತಿರ ತಂದದ್ದು ಚೀನಾದ ಫಲಕಗಳ ಮೇಲಿನ ಅವಲಂಬನೆಯ ಭಯ. ಆದರೆ ಸ್ನೇಹ ಇರುವಷ್ಟು ದಿನ ಮಾರುಕಟ್ಟೆಯೂ ತೆರೆದಿರುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ. 2023–24ರಲ್ಲಿ ಭಾರತ ರಫ್ತು ಮಾಡಿದ ಫಲಕಗಳು ಬಹುತೇಕ ಎಲ್ಲವೂ ಅಮೆರಿಕಕ್ಕೇ ಹೋದವು. 2025ರ ಜುಲೈನಲ್ಲಿ ಅಮೆರಿಕದ ತಯಾರಕರು ಭಾರತ, ಇಂಡೊನೇಷ್ಯಾ, ಲಾವೋಸ್‌ಗಳ ಫಲಕದ ಮೇಲೆ ಹೆಚ್ಚುವರಿ ಸುಂಕ ಬೇಕೆಂದು ಅರ್ಜಿ ಹಾಕಿದರು. ಅದೇ ವರ್ಷದ ಆಗಸ್ಟ್ 27ರಂದು ಭಾರತದ ಬಹುಪಾಲು ಸರಕಿನ ಮೇಲೆ ಅಮೆರಿಕದ ಸುಂಕ ಶೇ 50ಕ್ಕೆ ಏರಿತು.

ನಮ್ಮ ತಾಲ್ಲೂಕಿಗೆ ಇದು ಮುಟ್ಟುವ ದಾರಿ

ಮೊದಲನೆಯದು ಭೂಮಿಯ ಗುತ್ತಿಗೆ. ಪಾವಗಡದಲ್ಲಿ ರೈತರು ಜಮೀನು ಮಾರಿಲ್ಲ; 28 ವರ್ಷಕ್ಕೆ ಗುತ್ತಿಗೆ ಕೊಟ್ಟಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುತ್ತದೆ. ಸುಂಕ ಏರಲಿ, ಇಳಿಯಲಿ, ಈ ಹಣಕ್ಕೆ ಅದರ ಬಿಸಿ ತಟ್ಟುವುದಿಲ್ಲ. ಜಮೀನು ಕೊಡುವ ಮುನ್ನ ಯಾವ ಊರಿನ ರೈತರೇ ಆಗಲಿ ನೋಡಬೇಕಾದ ಅಂಶ ಇದು: ಬಾಡಿಗೆ ಕಂಪನಿಯ ಲಾಭಕ್ಕೆ ಗಂಟು ಬಿದ್ದಿದೆಯೋ, ಕರಾರಿನಲ್ಲಿ ನಿಗದಿಯಾಗಿದೆಯೋ?

ಎರಡನೆಯದು ವಿದ್ಯುತ್ತಿನ ದರ. 2016ರ ಏಪ್ರಿಲ್ ಹರಾಜಿನಲ್ಲಿ ಫಿನ್ಲೆಂಡಿನ ಫೋರ್ಟಮ್ ಕಂಪನಿ ಪಾವಗಡದ 100 ಮೆಗಾವ್ಯಾಟ್ ಘಟಕವನ್ನು ಯೂನಿಟ್ಟಿಗೆ 4 ರೂಪಾಯಿ 79 ಪೈಸೆಗೆ ಪಡೆಯಿತು. 25 ವರ್ಷ ಅದೇ ದರ. ಆದರೆ ಹರಾಜಿನ ನಂತರ ಸರ್ಕಾರ ಹೊಸ ಸುಂಕ ಹಾಕಿದರೆ, ಕಾನೂನು ಬದಲಾದ ಕಾರಣಕ್ಕೆ ಆ ಹೊರೆಯನ್ನು ಕಂಪನಿ ಪರಿಹಾರವಾಗಿ ಕೇಳಬಹುದು. ವಿದ್ಯುತ್ ನಿಯಂತ್ರಣ ಆಯೋಗ ಒಪ್ಪಿದರೆ ಅದನ್ನು ಕೊಡಬೇಕಾದ್ದು ವಿದ್ಯುತ್ ಕೊಳ್ಳುವವರು. ನಮ್ಮ ಕಡೆ ಅದು ಬೆಸ್ಕಾಂ, ಕೊನೆಯಲ್ಲಿ ಬಿಲ್ ಕಟ್ಟುವ ಮನೆ.

ಮೂರನೆಯದು ತಾರಸಿ ಮತ್ತು ಪಂಪು. ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಅದಕ್ಕಿಂತ ಹೆಚ್ಚಿದ್ದರೆ 78,000 ರೂಪಾಯಿ ಕೇಂದ್ರದ ಸಬ್ಸಿಡಿ ಇದೆ. ಕೊಳವೆಬಾವಿಗೆ ಕುಸುಮ್ ‘ಬಿ’ ಯೋಜನೆ ಇದೆ. ಎರಡಕ್ಕೂ ಡಿಸಿಆರ್ ಫಲಕ ಕಡ್ಡಾಯ. ಅದರ ಬೆಲೆ ಆಮದು ಸೆಲ್ ಹಾಕಿದ ಫಲಕಕ್ಕಿಂತ ಹೆಚ್ಚು. ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಫಲಕ ಹಾಕಿಸಿಕೊಂಡರೆ ಸಬ್ಸಿಡಿ ಕೈತಪ್ಪುತ್ತದೆ. ಹಣ ಕೊಡುವ ಮುನ್ನ ಕೊಟೇಶನ್ನಿನಲ್ಲಿ ಡಿಸಿಆರ್ ಎಂದು ಬರೆಸಿಕೊಳ್ಳಿ. ‘ಮೇಡ್ ಇನ್ ಇಂಡಿಯಾ’ ಎಂದಷ್ಟೇ ಇದ್ದರೆ ಸಾಲದು; ಹೊರಗಿನ ಸೆಲ್ ತಂದು ಇಲ್ಲಿ ಜೋಡಿಸಿದ ಫಲಕದ ಮೇಲೂ ಆ ಮಾತು ಇರಬಹುದು. ಫಲಕ ಮೇಲೇರಿಸುವ ಮೊದಲು ಪ್ರತಿಯೊಂದರ ಸೀರಿಯಲ್ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ, ತಯಾರಕರ ಡಿಸಿಆರ್ ಪ್ರಮಾಣಪತ್ರದಲ್ಲಿ ಅದೇ ನಂಬರುಗಳಿವೆಯೇ ಎಂದು ಹೋಲಿಸಿ ನೋಡಿ.

ನಾಲ್ಕನೆಯದು ಕೆಲಸ. ಜಿನೀವಾದಲ್ಲಿ ಎರಡೂ ದೇಶಗಳು ತಮ್ಮ ತಮ್ಮ ಕಾರ್ಖಾನೆಗಳ ಪರವಾಗಿ ಕಾದಾಡಿದವು. ಫಲಕ ನೆಡುವ ಊರಿನ ಕೂಲಿಯ ವಿಷಯ ಆ ವಾದದಲ್ಲಿ ಬರಲೇ ಇಲ್ಲ. ಪಾವಗಡದಲ್ಲಿ ಭೂಮಿ ಇದ್ದವರಿಗೆ ಬಾಡಿಗೆ ಸಿಕ್ಕಿತು. ಭೂಮಿ ಇಲ್ಲದವರು ಹೊಲದ ಕೂಲಿ ಕಳೆದುಕೊಂಡರು, ಕುರಿ ಮೇಯಿಸುವವರಿಗೆ ಬಯಲು ಬೇಲಿಯೊಳಗೆ ಹೋಯಿತು. ಪಾರ್ಕಿನೊಳಗೆ ಊರವರಿಗೆ ಸಿಕ್ಕಿದ್ದು ಹೆಚ್ಚಾಗಿ ಹುಲ್ಲು ಕೊಯ್ಯುವ, ಫಲಕ ತೊಳೆಯುವ, ಕಾವಲು ಕಾಯುವ ಕೆಲಸ. ಸ್ವದೇಶಿ ಸರಕಿನ ಷರತ್ತು ಹಾಕಲು ಸರ್ಕಾರ ಇಷ್ಟು ದೂರ ಹೋರಾಡಿದೆ. ಸ್ಥಳೀಯರ ಉದ್ಯೋಗದ ಷರತ್ತು ಹಾಕಲು ಜಿನೀವಾದ ಅಪ್ಪಣೆ ಹುಡುಕಬೇಕಿಲ್ಲ. ಇನ್ವರ್ಟರ್ ರಿಪೇರಿ, ವೈರಿಂಗ್, ಫಲಕಗಳ ತಪಾಸಣೆ ಕಲಿತ ಹುಡುಗ ಹುಡುಗಿಯರು ಈ ತಾಲ್ಲೂಕುಗಳಲ್ಲೇ ತಯಾರಾಗಬೇಕು, ಅವರಿಗೆ ಇಂತಿಷ್ಟು ಕೆಲಸ ಮೀಸಲು ಎಂದು ಟೆಂಡರಿನಲ್ಲೇ ಬರೆಯಬೇಕು.

ಸುಂಕದ ಸುದ್ದಿ ಬಂದಾಗ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಇದು ಯಾವ ಸರಕಿನ ಮೇಲೆ? ಹೊರೆ ಹೊರುವವರು ಯಾರು, ಕಂಪನಿಯೋ ಬಿಲ್ ಕಟ್ಟುವವರೋ? ಇದರಿಂದ ಕೆಲಸ ಹುಟ್ಟುವುದು ಯಾವ ಊರಿನಲ್ಲಿ? ಮೊದಲ ಎರಡಕ್ಕೆ ಉತ್ತರ ದೆಹಲಿ ಮತ್ತು ವಾಷಿಂಗ್ಟನ್‌ನಲ್ಲಿ ತೀರ್ಮಾನವಾಗುತ್ತದೆ. ಮೂರನೆಯದನ್ನು ನಮ್ಮ ಶಾಸಕರ ಮುಂದೆ, ಗ್ರಾಮಸಭೆಯಲ್ಲಿ, ಮುಂದಿನ ಗುತ್ತಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ನಾವೇ ಕೇಳಬೇಕು.