ಹಿತ್ತಲಿನ ಪೇರಲ: ಮರೆತ ಆರೋಗ್ಯಫಲ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಕೈಗೆಟುಕುವ ವಸ್ತುವಿನ ವಿಷಯದಲ್ಲಿ ಮನುಷ್ಯನಿಗಿರುವ ಅನಾದರವನ್ನು ಹಿರಿಯರು ಇದರಲ್ಲಿ ಮಾರ್ಮಿಕವಾಗಿ ಸೂಚಿಸಿದ್ದಾರೆ. ಈ ಅನಾದರಕ್ಕೆ ಗುರಿಯಾದ ಫಲಗಳಲ್ಲಿ ಪೇರಲವೂ ಒಂದು.

ಕಳೆದ ಚಳಿಗಾಲದಲ್ಲಿ ಯಾದಗಿರಿ ಸೀಮೆಯ ಮುದನಾಳದಲ್ಲಿ ಭಕ್ತರೊಬ್ಬರ ಮನೆಗೆ ನಾವು ಪ್ರಸಾದಕ್ಕೆಂದು ಹೋಗಿದ್ದೆವು. ಹಿತ್ತಲಿನ ಪೇರಲ ಗಿಡ ಹಣ್ಣಿನ ಭಾರಕ್ಕೆ ಬಾಗಿತ್ತು. ಅರ್ಧ ಗಿಳಿಗಳ ಪಾಲು, ಅರ್ಧ ಮಣ್ಣಿನ ಪಾಲು. ಆ ಮನೆಯ ಹದಿನಾಲ್ಕು ವರ್ಷದ ಮಗಳು ರಕ್ತಹೀನತೆಯಿಂದ ಬಳಲಿ ಬಾಡಿದ್ದಳು. ಆಕೆಗಾಗಿ ಪಟ್ಟಣದಿಂದ ದುಬಾರಿ ಸೇಬುಹಣ್ಣು ತರಿಸುತ್ತಿದ್ದರು. ಹಿತ್ತಲ ಹಣ್ಣನ್ನೇಕೆ ಕೊಡುವುದಿಲ್ಲವೆಂದು ನಾವು ಕೇಳಲು, ಮನೆಯ ಹಿರಿಯಜ್ಜಿ, “ಅದು ಥಂಡಿ ಹಣ್ಣರಿ ಅಯ್ಯನವ್ರೇ, ತಿಂದ್ರ ನೆಗಡಿ ಕೆಮ್ಮು ಬರ್ತದ” ಎಂದರು. ಆ ತಾಯಿಯ ಮಾತೇ ಈ ಲೇಖನಕ್ಕೆ ಪ್ರೇರಣೆ.

ಹೊರನಾಡಿನಿಂದ ಬಂದ ಅತಿಥಿ

ಪೇರಲದ ಮೂಲ ನೆಲೆ ಅಮೆರಿಕ ಖಂಡದ ಉಷ್ಣಪ್ರದೇಶ. ಪೋರ್ತುಗೀಜರ ಮೂಲಕ ಇದು ನಮ್ಮ ದೇಶವನ್ನು ಸೇರಿತು. ಆದುದರಿಂದಲೇ ಚರಕ, ಸುಶ್ರುತರ ಪ್ರಾಚೀನ ಸಂಹಿತೆಗಳಲ್ಲಿ ಇದರ ಪ್ರಸ್ತಾಪವಿಲ್ಲ. ಇಂದು ಇದರ ಬಗ್ಗೆ ಕೇಳಿಬರುವ ಔಷಧೀಯ ತಿಳಿವಳಿಕೆಯೆಲ್ಲ ಜನತೆ ಅನುಭವದಿಂದ ಕಂಡುಕೊಂಡದ್ದು. ದಕ್ಷಿಣದವರು ಸೀಬೆ, ಚೇಪೆ ಎನ್ನುವರು. ನಮ್ಮ ನೆರೆಯ ತೆಲುಗರಿಗೆ ಇದು ಜಾಮ. ನೇರಳೆ, ಲವಂಗಗಳೂ ಇದೇ ಸಸ್ಯಕುಲಕ್ಕೆ ಸೇರಿದವು. ಹುಬ್ಬಳ್ಳಿ-ಧಾರವಾಡದ ನಡುವಿನ ನವಲೂರು ಪೇರಲಕ್ಕೇ ಹೆಸರಾದ ಊರು. ನಾವು ಧಾರವಾಡದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಬುಟ್ಟಿಯಲ್ಲಿ ಬರುತ್ತಿದ್ದ ಆ ಹಣ್ಣಿನ ಪರಿಮಳ ಇಂದಿಗೂ ನೆನಪಿನಲ್ಲಿದೆ.

ಸೇಬಿಗಿಂತ ಕಡಿಮೆಯಲ್ಲ

100 ಗ್ರಾಂ ಪೇರಲದಲ್ಲಿ 200 ಮಿಲಿಗ್ರಾಮಿಗೂ ಮಿಗಿಲಾಗಿ ‘ಸಿ’ ಜೀವಸತ್ವವಿದೆ. ಅಷ್ಟೇ ತೂಕದ ಕಿತ್ತಳೆಯಲ್ಲಿ ಸುಮಾರು 53, ಸೇಬಿನಲ್ಲಿ ಸುಮಾರು 5 ಮಿಲಿಗ್ರಾಂ ಮಾತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಸೂಚಿಸಿರುವಂತೆ ದಿನವೊಂದಕ್ಕೆ ವಯಸ್ಕ ಪುರುಷರಿಗೆ 80, ಮಹಿಳೆಯರಿಗೆ 65 ಮಿಲಿಗ್ರಾಂ ‘ಸಿ’ ಜೀವಸತ್ವ ಬೇಕು. ಅಂದಮೇಲೆ ಒಂದು ಹಣ್ಣೇ ದಿನದ ಅಗತ್ಯವನ್ನು ಪೂರೈಸಬಲ್ಲದು. ಮಲಬದ್ಧತೆಯನ್ನು ನಿವಾರಿಸುವ ನಾರಿನಂಶ ಇದರಲ್ಲಿ 5 ಗ್ರಾಮಿಗೂ ಅಧಿಕ. ಅದು ಸೇಬಿನಲ್ಲಿರುವುದರ ಎರಡು ಪಟ್ಟು. ಒಳತಿರುಳು ಕೆಂಪಾದ ತಳಿಗಳಲ್ಲಿ, ಟೊಮೆಟೊಗೆ ಬಣ್ಣ ಕೊಡುವ ಲೈಕೋಪೀನ್ ಎಂಬ ಉಪಯುಕ್ತ ಅಂಶವೂ ಉಂಟು.

ರಕ್ತಹೀನತೆಗೂ ಪೇರಲಕ್ಕೂ ಏನು ಸಂಬಂಧ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಸಸ್ಯಾಹಾರಿಗಳಾದ ನಮ್ಮ ಮನೆಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಜೋಳದ ರೊಟ್ಟಿ, ತೊಗರಿ ಬೇಳೆ, ಸೊಪ್ಪುಗಳಲ್ಲಿ ಕಬ್ಬಿಣದ ಅಂಶವಿದ್ದರೂ ಅದನ್ನು ನಮ್ಮ ದೇಹ ಅಲ್ಪಪ್ರಮಾಣದಲ್ಲಿ ಮಾತ್ರ ಹೀರಿಕೊಳ್ಳುತ್ತದೆ. ಪೇರಲದಲ್ಲಿಯೂ ಕಬ್ಬಿಣವು ಹೆಚ್ಚಿಲ್ಲ. ಆದರೆ ಅದರಲ್ಲಿರುವ ‘ಸಿ’ ಜೀವಸತ್ವವು ಊಟದಲ್ಲಿರುವ ಕಬ್ಬಿಣವನ್ನು ದೇಹಕ್ಕೆ ದಕ್ಕಿಸಿಕೊಡುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಹದಿಹರೆಯದವರಿಗೆ ಅನ್ನದ ಊಟದ ಜೊತೆ 100 ಗ್ರಾಂ ಪೇರಲವನ್ನು ಕೊಟ್ಟು ಪರೀಕ್ಷಿಸಿದರು. ಕಬ್ಬಿಣದ ಹೀರಿಕೆ ಸುಮಾರು ಎರಡು ಪಟ್ಟಾದುದನ್ನು 2013ರಲ್ಲಿ ಪ್ರಕಟಿಸಿದರು.

ಇದರಿಂದ ತಿಳಿಯಬೇಕಾದುದಿಷ್ಟು: ಪೇರಲವನ್ನು ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವುದಕ್ಕಿಂತ ಊಟದ ಜೊತೆಯಲ್ಲಿ, ಇಲ್ಲವೆ ಊಟ ಮುಗಿದೊಡನೆ ತಿನ್ನುವುದು ಲೇಸು. ಊಟವಾದ ಕೂಡಲೆ ಚಹ ಕುಡಿಯುವ ರೂಢಿಯನ್ನು ಬಿಡಬೇಕು. ಚಹದ ಒಗರು ಕಬ್ಬಿಣದ ಹೀರಿಕೆಗೆ ಅಡ್ಡಿಯಾಗುತ್ತದೆ. ರಕ್ತ ತೀರ ಕಡಿಮೆಯಿದ್ದವರಿಗೆ ಹಣ್ಣೊಂದೇ ಸಾಲದು. ವೈದ್ಯರು ಕೊಟ್ಟ ಕಬ್ಬಿಣದ ಗುಳಿಗೆಗಳನ್ನು ತಪ್ಪದೆ ಸೇವಿಸಬೇಕು. ಪೇರಲ ಅವುಗಳಿಗೆ ಜೊತೆಗಾರನೇ ಹೊರತು ಬದಲಿಯಲ್ಲ.

ಎಲೆಯ ಔಷಧೀಯ ಗುಣ

ಬಾಯಿಹುಣ್ಣು, ಒಸಡುನೋವುಗಳಿಗೆ ಎಳೆಯ ಚಿಗುರನ್ನು ಅಗಿದು ಉಗುಳುವುದು, ಭೇದಿಯಾದಾಗ ಎಲೆಯ ಕಷಾಯ ಕುಡಿಯುವುದು ಹಳ್ಳಿಗಳಲ್ಲಿ ರೂಢಿ. ಎಲೆಯಲ್ಲಿರುವ ಒಗರಿನ ಅಂಶವೇ ಇದಕ್ಕೆ ಆಧಾರ. ಮೆಕ್ಸಿಕೊದಲ್ಲಿ ಪೇರಲದ ಎಲೆಯಿಂದ ಸಿದ್ಧಪಡಿಸಿದ ಔಷಧವನ್ನು ಭೇದಿಯ ರೋಗಿಗಳಿಗೆ ಕೊಟ್ಟಾಗ ಹೊಟ್ಟೆನುಲಿತ ಬೇಗ ಶಮನವಾದುದು 2002ರಲ್ಲಿ ವರದಿಯಾಯಿತು. ಆದರೂ ಮಕ್ಕಳಿಗೆ ಭೇದಿಯಾದಾಗ ಕಷಾಯವನ್ನೇ ನಂಬಿ ಕೂಡಬಾರದು. ಮೊದಲು ಓ.ಆರ್.ಎಸ್. ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಸಬೇಕು. ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ ಅಥವಾ ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಗರ್ಭಿಣಿಯರು ವೈದ್ಯರನ್ನು ಕೇಳದೆ ಕಷಾಯ ಕುಡಿಯಬಾರದು.

ಸೇವಿಸುವ ಕ್ರಮ

ಹದವಾಗಿ ಮಾಗಿದ ಹಣ್ಣನ್ನು ಚೆನ್ನಾಗಿ ತೊಳೆದು ಸಿಪ್ಪೆಸಹಿತ ತಿನ್ನಬೇಕು. ಮೊದಲೇ ಹೆಚ್ಚಿಟ್ಟರೆ, ಕುದಿಸಿದರೆ ‘ಸಿ’ ಜೀವಸತ್ವ ನಷ್ಟವಾಗುತ್ತದೆ. ಚಿಕ್ಕ ಮಕ್ಕಳಿಗೂ ವೃದ್ಧರಿಗೂ ಬೀಜ ತೆಗೆದು ಕೊಡುವುದು ಒಳಿತು. ಮಧುಮೇಹಿಗಳು ಮಿತವಾಗಿ ತಿನ್ನಬಹುದು. ಸಕ್ಕರೆ ಬೆರೆಸಿದ ರಸ ಬೇಡ. ಪೊಟ್ಯಾಸಿಯಂ ಹೆಚ್ಚಿರುವುದರಿಂದ ಮೂತ್ರಪಿಂಡದ ಕಾಯಿಲೆಯುಳ್ಳವರು ವೈದ್ಯರ ಸಲಹೆ ಪಡೆಯಬೇಕು. ಇನ್ನು ನೆಗಡಿಯು ಸೋಂಕಿನಿಂದ ಬರುವುದೇ ಹೊರತು ಹಣ್ಣಿನಿಂದಲ್ಲ ಎಂಬುದನ್ನು ತಾಯಂದಿರು ಮನಗಾಣಬೇಕು.

ಮುದನಾಳದ ಆ ಅಜ್ಜಿಗೆ ನಾವು ಇಷ್ಟನ್ನೂ ತಿಳಿಯಹೇಳಿದೆವು. ಅವರು ಮರುಮಾತಾಡದೆ ಹಿತ್ತಲಿಗೆ ಹೋಗಿ, ಉಡಿಯಲ್ಲಿ ನಾಲ್ಕು ಹಣ್ಣು ತಂದು, ಮೊದಲನೆಯದನ್ನು ಮೊಮ್ಮಗಳ ತಾಟಿಗೆ ಹಾಕಿದರು. ಅನ್ನವನ್ನು ಪ್ರಸಾದವೆಂದು ಭಾವಿಸುವ ಪರಂಪರೆ ನಮ್ಮದು. ಹಿತ್ತಲಲ್ಲಿ ಉದುರಿ ಕೊಳೆಯುವ ಫಲವೂ ಪ್ರಸಾದವೇ. ಅದು ಮಣ್ಣುಪಾಲಾಗದೆ ಮನೆಯ ಹೆಣ್ಣುಮಕ್ಕಳ ಪಾಲಿಗೆ ಬರಲಿ. ಗಿಡವಿಲ್ಲದ ಮನೆಯವರು ಈ ಮಳೆಗಾಲದಲ್ಲಿ ಒಂದು ಸಸಿಯನ್ನು ನೆಡಲಿ.