ದಾಳದ ಮುಖ ಕಂಡವರಾರು?

ಸುಗ್ಗಿ ಮುಗಿದ ಮೇಲೆ ಸುರಪುರ ಸೀಮೆಯ ಕಕ್ಕೇರಾದಂಥ ಊರುಗಳಲ್ಲಿ ದೊಡ್ಡಾಟಕ್ಕೆ ಅಟ್ಟ ಕಟ್ಟುವುದು ಹಳೆಯ ರೂಢಿ. ಇಂದು ಅಂಥ ರಾತ್ರಿಗಳು ವಿರಳವಾಗಿವೆಯಾದರೂ ಒಮ್ಮೆ ಕಂಡವರು ಅವನ್ನು ಮರೆಯಲಾರರು. ಗಣಪತಿಯ ಸ್ತುತಿ ಮುಗಿಯುತ್ತದೆ. ಮದ್ದಳೆಯ ಪೆಟ್ಟು ಬೀಳುತ್ತದೆ. ಕಿರೀಟ ಭುಜಕೀರ್ತಿಗಳನ್ನು ಧರಿಸಿದ ರಾಜನು ಅಟ್ಟವನ್ನೇರಿದೊಡನೆ ಸಾರಥಿಯು ಅವನ ಹೆಸರು ಕುಲಗಳನ್ನು ವಿಚಾರಿಸುತ್ತಾನೆ. ಅಂದಿನ ಆಟವು ದ್ರೌಪದಿಯ ವಸ್ತ್ರಾಪಹರಣವಾಗಿದ್ದರೆ, ನಡುರಾತ್ರಿ ಕಳೆಯುವ ವೇಳೆಗೆ ಶಕುನಿಯ ಕೈಗೆ ದಾಳ ಬರುತ್ತದೆ. ಕಂಬಳಿ ಹೊದ್ದು ಹಿಂದಿನ ಸಾಲಿನಲ್ಲಿ ಕುಳಿತ ಮುದುಕಿಗೆ ಆ ದಾಳದ ಮುಖ ಕಾಣುವುದಿಲ್ಲ. ಯಾವ ಗರ ಬಿದ್ದಿತೆಂಬ ಲೆಕ್ಕವೂ ಆಕೆಗೆ ಬೇಕಿಲ್ಲ. ಧರ್ಮರಾಯನು ಸೋತನೆಂಬ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ಸೆರಗು ಕಣ್ಣಿಗೆ ಹೋಗುತ್ತದೆ.

ಆಟವನ್ನೇ ಕಥೆಯಾಗಿಸುವ ವಿದ್ಯೆ ಬೇರೆ ನಾಡುಗಳಿಗೂ ತಿಳಿದಿದೆ. ಜಪಾನಿನಲ್ಲಿ ಅನಿಮೆ ಎಂದು ಕರೆಯಲಾಗುವ ಚಲಿಸುವ ಚಿತ್ರಗಳ ಧಾರಾವಾಹಿಗಳಲ್ಲಿ ಎಲೆಯಾಟದ ಕಥೆಗಳದೇ ಒಂದು ಪಂಗಡವುಂಟು. ದೂರದರ್ಶನದ ಪರದೆಯಲ್ಲಿ ಅವು ವರ್ಷಾನುಗಟ್ಟಲೆ ಮಕ್ಕಳನ್ನು ಸೆರೆಹಿಡಿಯುತ್ತವೆ. ಆದರೆ ಅದೇ ಕಥೆಯು ಚಿತ್ರಮಂದಿರದ ಬೆಳ್ಳಿತೆರೆಗೆ ಬಂದೊಡನೆ ಮುಗ್ಗರಿಸುವುದೇಕೆ?

ವಾರ ವಾರದ ಕುತೂಹಲ

ಈ ಪಂಗಡದಲ್ಲಿ ಅತ್ಯಂತ ಪ್ರಸಿದ್ಧವಾದುದು 'ಯು-ಗಿ-ಓ'. ಕಜುಕಿ ತಕಹಾಶಿ ಎಂಬ ಚಿತ್ರಕಾರರು 1996ರಲ್ಲಿ ಇದನ್ನು ಆರಂಭಿಸಿದ್ದು 'ಶೋನೆನ್ ಜಂಪ್' ಎಂಬ ವಾರಪತ್ರಿಕೆಯಲ್ಲಿ, ಚಿತ್ರಕಥೆಯ ರೂಪದಲ್ಲಿ. ಪುರಾತನ ಈಜಿಪ್ಟಿನ ಅರಸನೊಬ್ಬನ ಆತ್ಮವನ್ನು ತನ್ನೊಳಗೆ ಹೊತ್ತ ಶಾಲಾಬಾಲಕನೇ ನಾಯಕ; ಎಲೆಗಳ ಮೇಲಿನ ಭೂತಬೇತಾಳಗಳೇ ಅವನ ಸೈನ್ಯ. 2000ದಿಂದ 2004ರ ವರೆಗೆ ಇದರ ದೂರದರ್ಶನ ಧಾರಾವಾಹಿಯು 224 ಕಂತುಗಳಲ್ಲಿ ಸಾಗಿತು.

ಧಾರಾವಾಹಿ ಕಾದಂಬರಿಯ ರುಚಿ ಬಲ್ಲ ಓದುಗರಿಗೆ ಇದರ ಗುಟ್ಟು ಅಪರಿಚಿತವಲ್ಲ. ನಾಯಕನು ಒಂದೆಲೆಯನ್ನು ಕವುಚಿ ಇಡುತ್ತಾನೆ, ಕಂತು ಮುಗಿಯುತ್ತದೆ. ಮುಂದಿನ ವಾರದವರೆಗೆ ಆ ಎಲೆ ಯಾವುದಿರಬಹುದೆಂದು ಹುಡುಗನು ಮನೆಯಲ್ಲಿ ತರ್ಕಿಸುತ್ತಾನೆ, ಗೆಳೆಯರೊಡನೆ ವಾದಿಸುತ್ತಾನೆ, ಅಂಗಡಿಯಿಂದ ತಂದ ಅದೇ ಎಲೆಗಳನ್ನು ಹರವಿಕೊಂಡು ತಾನೇ ಆಡಿ ನೋಡುತ್ತಾನೆ. ಹೀಗೆ ನಿಯಮಗಳು ಅವನಿಗೆ ಸ್ವಲ್ಪಸ್ವಲ್ಪವಾಗಿ ಕರಗತವಾಗುತ್ತವೆ. ಕಾಯುವ ಕಾಲವೂ ಅಲ್ಲಿ ಕಥೆಯ ಒಂದು ಭಾಗವೇ ಆಗಿದೆ.

ಎಲೆಯಾಟವು ಕನ್ನಡ ನಾಡಿಗೆ ಹೊಸದೇನಲ್ಲ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಆಟಗಳಿಗೆ ಆಶ್ರಯವಿತ್ತುದಲ್ಲದೆ, ಮುನ್ನೂರಕ್ಕೂ ಹೆಚ್ಚು ಎಲೆಗಳುಳ್ಳ ಹೊಸ ಆಟಗಳನ್ನೂ ರೂಪಿಸಿದರು. ದಶಾವತಾರದ ಗಂಜೀಫಾದಲ್ಲಿ 120 ಎಲೆಗಳು. ಆದರೆ ಅಲ್ಲಿ ನರಸಿಂಹನ ಚಿತ್ರ ಕಂಡವನಿಗೆ ಕಂಬವೂ ಪ್ರಹ್ಲಾದನೂ ತಾವಾಗಿಯೇ ನೆನಪಾಗುತ್ತಾರೆ. ಜಪಾನಿನ ಎಲೆಗಳ ಮೇಲಿನ ಮೃಗಗಳಿಗೆ ಅಂಥ ಪೂರ್ವಕಥೆಯಿಲ್ಲ. ಅವುಗಳ ಪರಿಚಯವಾಗಲು ನೂರಾರು ಕಂತುಗಳೇ ಬೇಕು.

ಒಂದೂವರೆ ಗಂಟೆಯ ಇಕ್ಕಟ್ಟು

ಚಲನಚಿತ್ರಕ್ಕೆ ಆ ಸಮಯವೆಲ್ಲಿ? 2004ರಲ್ಲಿ 'ಪಿರಮಿಡ್ ಆಫ್ ಲೈಟ್' ಎಂಬ ಯು-ಗಿ-ಓ ಚಿತ್ರವು ಅಮೆರಿಕದಲ್ಲಿ ತೆರೆಕಂಡಿತು. ಟಿಕೆಟ್ಟಿನೊಡನೆ ಎಲೆಗಳನ್ನು ಉಚಿತವಾಗಿ ಹಂಚಲಾಯಿತು. ಲೋಕದಾದ್ಯಂತ ಸುಮಾರು 2.9 ಕೋಟಿ ಡಾಲರುಗಳ ಗಳಿಕೆಯೂ ಆಯಿತು. ಆದರೆ ವಿಮರ್ಶಕರು ಅದನ್ನು ಬಹುಮಟ್ಟಿಗೆ ತಿರಸ್ಕರಿಸಿದರು. ಚಿತ್ರದ ದೊಡ್ಡ ಭಾಗವನ್ನು ನಾಯಕನಿಗೂ ಅವನ ಪ್ರತಿಸ್ಪರ್ಧಿ ಕೈಬಾನಿಗೂ ನಡೆಯುವ ಒಂದೇ ಒಂದು ಪಂದ್ಯವು ನುಂಗಿಬಿಡುತ್ತದೆ. ಪ್ರತಿಯೊಂದು ಎಲೆ ಬಿದ್ದಾಗಲೂ ಅದರ ಶಕ್ತಿಯೇನೆಂದು ಯಾರಾದರೊಬ್ಬರು ವಿವರಿಸಬೇಕು. ಹಿಂದೆ ಯಾರೂ ಕಾಣದ ಹೊಸ ಎಲೆಗಳು ಬಂದು ಆಟದ ಗತಿಯನ್ನೇ ತಿರುಗಿಸುತ್ತವೆ. ಮಗನ ಪಕ್ಕದಲ್ಲಿ ಕುಳಿತ ತಂದೆಗೆ ಇದು ಅರ್ಥವಾಗದ ಗದ್ದಲ. ಆಟ ಬಲ್ಲ ಮಗನಿಗೂ ಮುಂಚಿತವಾಗಿ ಊಹಿಸುವ ಸುಖವಿಲ್ಲ.

ಪ್ರೇಕ್ಷಕನನ್ನು ಆಟದಲ್ಲಿ ತೊಡಗಿಸಲು ಇರುವ ದಾರಿಗಳು ಎರಡೇ. ಆಟವನ್ನು ಅವನಿಗೆ ಕಲಿಸಬೇಕು. ಇಲ್ಲವೇ ಪಣವನ್ನು ಅವನ ಎದೆಗೆ ತಟ್ಟಿಸಬೇಕು. ಮೊದಲನೆಯದು ಧಾರಾವಾಹಿಯ ದಾರಿ. ಚಲನಚಿತ್ರಕ್ಕೆ ಒದಗುವುದು ಎರಡನೆಯದೊಂದೇ.

ಇದಕ್ಕೆ ನಿದರ್ಶನವು ಅದೇ ಯು-ಗಿ-ಓ ಮಾಲೆಯಲ್ಲಿಯೇ ದೊರೆಯುತ್ತದೆ. 2016ರಲ್ಲಿ, ತಕಹಾಶಿಯವರೇ ಬರೆದ ಕಥೆಯನ್ನಾಧರಿಸಿದ 'ದಿ ಡಾರ್ಕ್ ಸೈಡ್ ಆಫ್ ಡೈಮೆನ್ಷನ್ಸ್' ಎಂಬ ಚಿತ್ರವು ಬಂದಿತು. ಈಜಿಪ್ಟಿನ ಅರಸನ ಆತ್ಮವು ಈ ಲೋಕವನ್ನು ಬಿಟ್ಟು ಹೋಗಿದೆ. ಕೈಬಾ ಆ ಅಗಲಿಕೆಯನ್ನು ಒಪ್ಪಲಾರ. ಇನ್ನೊಮ್ಮೆ ಅವನೊಡನೆ ಆಡಬೇಕೆಂಬುದೇ ಅವನ ಹಂಬಲ. ಎಲೆಗಳ ಲೆಕ್ಕ ತಿಳಿಯದವರಿಗೂ ಈ ಸಂಕಟ ತಿಳಿಯುತ್ತದೆ. ಮೊದಲಿನ ಚಿತ್ರಕ್ಕಿಂತ ಇದಕ್ಕೆ ಹೆಚ್ಚಿನ ಮನ್ನಣೆ ದೊರೆತುದರಲ್ಲಿ ಆಶ್ಚರ್ಯವಿಲ್ಲ.

ಒಂದೇ ಒಂದು ನಿಯಮ

ಈ ಮರ್ಮವನ್ನು ನಮ್ಮ ಕವಿಗಳು ಬಹು ಹಿಂದೆಯೇ ಅರಿತಿದ್ದರು. ಪಂಪನ ಕಾವ್ಯದಲ್ಲಿ ಭಾನುಮತಿಯೂ ಕರ್ಣನೂ ನೆತ್ತವಾಡುವ ಪ್ರಸಂಗ ಕನ್ನಡಿಗರಿಗೆಲ್ಲ ಚಿರಪರಿಚಿತ. ಅಂದು ಬಿದ್ದ ಗರಗಳು ಯಾರಿಗೂ ನೆನಪಿಲ್ಲ. ನೆನಪಿರುವುದು ಹರಿದು ಚೆಲ್ಲಿದ ಮುತ್ತಿನ ಹಾರ ಮತ್ತು ಕಿಂಚಿತ್ತೂ ಶಂಕಿಸದ ದುರ್ಯೋಧನನ ಸ್ನೇಹ.

ಹಸ್ತಿನಾವತಿಯ ದ್ಯೂತವನ್ನೇ ನೋಡಿ. ವ್ಯಾಸಭಾರತದಲ್ಲಿ ಐಶ್ವರ್ಯವೆಲ್ಲ ಹೋದ ಬಳಿಕ ನಕುಲ, ಸಹದೇವ, ಅರ್ಜುನ, ಭೀಮರು ಒಬ್ಬೊಬ್ಬರಾಗಿ ಪಣವಾಗುತ್ತಾರೆ, ಅನಂತರ ಧರ್ಮರಾಯನು ತನ್ನನ್ನೇ ಒಡ್ಡಿ ಸೋಲುತ್ತಾನೆ, ಕಟ್ಟಕಡೆಗೆ ದ್ರೌಪದಿ. ಅಷ್ಟು ದೊಡ್ಡ ಆಟದಲ್ಲಿ ಚರ್ಚೆಗೆ ಬರುವ ನಿಯಮ ಒಂದೇ. ತನ್ನನ್ನು ತಾನೇ ಸೋತವನಿಗೆ ಹೆಂಡತಿಯನ್ನು ಪಣಕ್ಕೊಡ್ಡುವ ಹಕ್ಕುಂಟೆ? ದ್ರೌಪದಿಯ ಆ ಪ್ರಶ್ನೆಗೆ ಭೀಷ್ಮರೂ ನೇರವಾದ ಉತ್ತರ ಕೊಡಲಾರದೆ ಹೋದರು.

ಬಿ. ಆರ್. ಚೋಪ್ರಾ ಅವರ 'ಮಹಾಭಾರತ'ವು 1988ರಿಂದ 1990ರ ವರೆಗೆ 94 ಕಂತುಗಳಲ್ಲಿ ದೂರದರ್ಶನದಲ್ಲಿ ಬಂದಾಗ, ಹಿಂದಿ ಬಾರದ ಕನ್ನಡದ ಮನೆಗಳಲ್ಲಿಯೂ ದ್ಯೂತಸಭೆಯ ಕಂತುಗಳನ್ನು ಉಸಿರು ಬಿಗಿಹಿಡಿದು ನೋಡಿದರು. ಭಾಷೆಯ ತೊಡಕನ್ನೂ ಆ ಪಣವು ಗೆದ್ದಿತು.

ಇಸ್ಪೀಟಿನಲ್ಲಿ ಎತ್ತು ಕಳೆದುಕೊಂಡವನ ಮನೆಯ ಸುದ್ದಿ ಯಾವ ಊರಿಗೆ ಹೊಸದು? ಅಟ್ಟದ ಮುಂದೆ ಕುಳಿತ ಹೆಂಗಸರಲ್ಲಿ ಅಂಥ ಮನೆಯವಳೂ ಇದ್ದಾಳು. ಆಕೆಗೆ ಹಸ್ತಿನಾವತಿ ದೂರದ ಊರಲ್ಲ.

ಬೆಳಗಿನ ಜಾವ ಮಂಗಳ ಹಾಡಿ ಆಟ ಮುಗಿಯುತ್ತದೆ. ಜನ ಕಂಬಳಿ ಕೊಡವಿಕೊಂಡು ಮನೆಯ ದಾರಿ ಹಿಡಿಯುತ್ತಾರೆ. ಶಕುನಿಗೆ ಯಾವ ಗರ ಬಿದ್ದಿತೆಂದು ಯಾರೂ ಕೇಳುವುದಿಲ್ಲ. ಧರ್ಮರಾಯ ಮಾಡಿದ್ದು ಸರಿಯೆ ಎಂಬ ವಾದ ಮಾತ್ರ ಹೊಲದ ದಾರಿಯುದ್ದಕ್ಕೂ ನಡೆದಿರುತ್ತದೆ.